ಪಿಕಪ್ಪಿಗೆ ಪೈಪಿಂಗ್

ಟೇಪಣ್ಣನ ನೆತ್ತಿಯ ಮೇಲೆ ಕೂದಲಿಲ್ಲ ಎಂಬುದು ಬಹಳ ಕಾಲ ಗುಟ್ಟಾಗಿಯೇ ಇತ್ತು. ಮುಂದಿನಿಂದ ನೋಡಿದರೆ ಹಣೆಯ ಮೇಲೊಂದು ಲಕ್ಷಣವಾದ ಗುಂಗುರು. ಹಿಂದಿನಿಂದ ನೋಡಿದರೆ ಕಾಲರಿನವರೆಗೂ ದಟ್ಟವಾದ ಬೆಳೆ. ಇವೆರಡರ ನಡುವೆ, ಆಕಾಶಕ್ಕೆ ಮಾತ್ರ ಕಾಣುವ ಜಾಗದಲ್ಲಿ, ತಟ್ಟೆಯಗಲದ ಬಯಲು. ಆಕಾಶ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲವಲ್ಲ ಎಂಬ ಧೈರ್ಯದ ಮೇಲೆ ಅವನು ನೆಮ್ಮದಿಯಾಗಿದ್ದ. ಆ ನೆಮ್ಮದಿಗೆ ಕಲ್ಲು ಹಾಕಿದವನು ಎದುರು ಬೀದಿಯ ಹಾಸಿಗೆ ಅಂಗಡಿಯವನು.

ಟೇಪಣ್ಣ ಹೊಲಿಗೆಯವನು. ಹುಟ್ಟಿದಾಗ ಇಟ್ಟ ಹೆಸರು ಬೇರೆ ಏನೋ ಇದ್ದೀತು, ಆದರೆ ಕತ್ತಿನ ಸುತ್ತ ಅಳತೆಯ ಟೇಪಿಲ್ಲದೆ ಅವನನ್ನು ಕಂಡವರಿಲ್ಲ. (ಮದುವೆಯ ಫೋಟೋದಲ್ಲೂ ಕೋಟಿನ ಕಾಲರಿನಡಿಯಿಂದ ಅದು ಇಣುಕಿ ನೋಡುತ್ತಿದೆ.) ದೊಡ್ಡಾಸ್ಪತ್ರೆಯ ನರ್ಸುಗಳ ಸಮವಸ್ತ್ರ, ಡಾಕ್ಟರುಗಳ ಕೋಟು, ಹಾಸಿಗೆಯ ಹೊದಿಕೆ, ಆಪರೇಷನ್ ಕೋಣೆಯ ಹಸಿರು ಟೋಪಿ, ಎಲ್ಲವೂ ಅವನ ಅಂಗಡಿಯಲ್ಲೇ ಹೊಲಿದು ಹೋಗಬೇಕು. ಗಂಟುಗಟ್ಟಲೆ ಬಟ್ಟೆ ಸಾಗಿಸಲು ಒಂದು ಪಿಕಪ್ಪು. ಅದನ್ನು ಓಡಿಸುವಾಗ ಟೇಪಣ್ಣನಿಗೊಂದು ಅಭ್ಯಾಸ. ಮಷೀನಿನ ಮುಂದೆ ಕೂತು ಹೊಲಿಗೆ ನೇರ ಬೀಳುತ್ತಿದೆಯೇ ಎಂದು ಬಗ್ಗಿ ನೋಡುತ್ತಾನಲ್ಲ, ಹಾಗೇ ರಸ್ತೆಯ ಬಿಳಿ ಗೆರೆಯ ಪಕ್ಕದಲ್ಲಿ ಚಕ್ರ ನೇರ ಹೋಗುತ್ತಿದೆಯೇ ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿ ಬಗ್ಗಿ ನೋಡುತ್ತಲೇ ಓಡಿಸುವುದು.

ಹಾಸಿಗೆಯವನು ಹೊಸದಾಗಿ ಒಂದು ಪಿಕಪ್ಪು ಕೊಂಡ. ಅದರ ಚಕ್ರಗಳೋ, ರಥದ ಗಾಲಿಯಂಥವು. ನಾಲ್ಕು ರಸ್ತೆ ಕೂಡುವಲ್ಲಿ ಕೆಂಪು ದೀಪ ಬಿದ್ದು ಎರಡೂ ಗಾಡಿ ಪಕ್ಕಪಕ್ಕದಲ್ಲಿ ನಿಂತರೆ ಟೇಪಣ್ಣನ ಪಿಕಪ್ಪು ಆನೆಯ ಪಕ್ಕ ಆಡಿನ ಮರಿ. ಹೀಗೆ ಒಂದು ದಿನ ನಿಂತಿದ್ದಾಗ, ಬಿಳಿ ಗೆರೆಯ ಮೇಲೆ ಕಣ್ಣು ನೆಟ್ಟಿದ್ದ ಟೇಪಣ್ಣನ ತಲೆಯ ಮೇಲುಗಡೆಯಿಂದ ಒಂದು ಅಶರೀರವಾಣಿ ಕೇಳಿಸಿತು.

"ಏನ್ ಟೇಪಣ್ಣ, ಮೇಲ್ಗಡೆ ಬಟ್ಟೆ ಸಾಲದೆ ಬಂತಾ?"

ಸುತ್ತ ನಿಂತಿದ್ದ ಸ್ಕೂಟರಿನವರು ನಕ್ಕರು. ಬಸ್ಸಿನ ಕಿಟಕಿಯಲ್ಲಿದ್ದವರು ಎದ್ದು ನಿಂತು ನೋಡಿ ನಕ್ಕರು. ಟೇಪಣ್ಣ ತಲೆಯನ್ನು ಒಳಗೆಳೆದುಕೊಂಡ ಭರಕ್ಕೆ ಹಣೆ ಬಾಗಿಲಿನ ಚೌಕಟ್ಟಿಗೆ ಬಡಿದು ಬೋರೆ ಬಂತು. ಅಂದು ಮನೆಗೆ ಬಂದವನೇ ಮಾತು ತೆಗೆದ.

"ನೋಡೇ, ನಮ್ಮ ಗಾಡಿ ತುಂಬಾ ತಗ್ಗಾಯ್ತು."

ಹೆಂಡತಿ ಕೋಟುಗಳಿಗೆ ಗುಂಡಿ ಹಚ್ಚುತ್ತಿದ್ದಳು. ಬಾಯಲ್ಲಿ ದಾರ ಇತ್ತು. ದಾರ ಕಡಿದು ಹೇಳಿದಳು, "ತಗ್ಗಾಗಿರೋದಕ್ಕೇ ನಾನು ಹತ್ತೋಕಾಗ್ತಿರೋದು. ಏಣಿ ಹಾಕ್ಕೊಂಡು ಹತ್ತಬೇಕಾ ಇನ್ಮೇಲೆ?"

"ಅದಲ್ವೇ. ಒಂದು ಗಾಡಿ ಅಂದ್ಮೇಲೆ ಗಾಂಭೀರ್ಯ ಬೇಡ್ವಾ?"

"ಗಾಂಭೀರ್ಯ ಗಾಡಿಗೆ ಬೇಕಾ, ನಿಮಗೆ ಬೇಕಾ? ಹಣೆ ಯಾಕೆ ಊದಿದೆ?"

ಟೇಪಣ್ಣ ಹಣೆ ಮುಚ್ಚಿಕೊಂಡು ಒಳಗೆ ಹೋದ. ಆದರೆ ಅವನ ತಲೆಯೊಳಗೆ (ಒಳಗಾದರೂ ಬೆಳೆ ಚೆನ್ನಾಗಿತ್ತು) ಒಂದು ಯೋಚನೆ ಮೊಳಕೆಯೊಡೆದಿತ್ತು. ಹೇಗಿದ್ದರೂ ಗಾಡಿಗೆ ಹೊಸ ಟೈರು ಹಾಕಿಸಬೇಕಾಗಿತ್ತು. ಅದು ಮಾವನವರ ಅಪ್ಪಣೆ.

ಆ ಮಾವನವರ ವಿಷಯ ಈಗಲೇ ಹೇಳಿಬಿಡಬೇಕು, ಏಕೆಂದರೆ ಪಿಕಪ್ಪು ಅವರದು. ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತರಾದವರು. ಕೈ ಸುಮ್ಮನಿರದೆ ಈ ಪಿಕಪ್ಪು ಕೊಂಡರು. ಸ್ವಲ್ಪ ದಿನ ಓಡಿಸಿ, "ಯಾಕೋ ಇದರಲ್ಲಿ ಕೂತ್ರೆ ಗಾಡಿ ಓಡಿಸ್ತಿದ್ದೀನಿ ಅಂತಲೇ ಅನ್ಸಲ್ಲ" ಎಂದು ಮಗಳಿಗೆ ಕೊಟ್ಟುಬಿಟ್ಟರು. ಮಗಳನ್ನು ಕೊಡುವಾಗ ಒಂದೇ ಒಂದು ಷರತ್ತೂ ಹಾಕದಿದ್ದ ಮನುಷ್ಯ ಪಿಕಪ್ಪು ಕೊಡುವಾಗ ಹಾಕಿದರು: "ಕೊಟ್ಟ ಹಾಗೇ ಇರಬೇಕು, ಅಳಿಯಂದ್ರೆ. ಒಂದು ನಟ್ಟು ಬದಲಾದ್ರೂ ಗಾಡಿ ವಾಪಸ್ ನಮ್ಮನೆ ಅಂಗಳಕ್ಕೆ." ಇದು ಬಾಯಿಮಾತಿನ ಬೆದರಿಕೆಯಲ್ಲ. ಹಿಂದೆ ಇದೇ ಷರತ್ತಿನ ಮೇಲೆ ಸ್ವಂತ ಮಗನಿಗೆ ಸ್ಕೂಟರು ಕೊಟ್ಟು, ಅವನು ಅದಕ್ಕೆ ಹಾಡು ಹೇಳುವ ಹಾರನ್ನು ಹಾಕಿಸಿದ ಮಾರನೆಯ ದಿನವೇ ಬಂದು ಕಿತ್ತುಕೊಂಡು ಹೋಗಿದ್ದರು. ಮಗ ಈಗಲೂ ಬಸ್ಸಿನಲ್ಲೇ ಓಡಾಡುತ್ತಾನೆ.

ತಿಂಗಳಿಗೊಮ್ಮೆ ಮಾವನವರು ತಪಾಸಣೆಗೆ ಬರುತ್ತಿದ್ದರು. ಮಗಳನ್ನು "ಚೆನ್ನಾಗಿದ್ದೀಯೇನಮ್ಮ" ಎಂದು ಬಾಗಿಲಲ್ಲೇ ಮುಗಿಸಿ ನೇರ ಗಾಡಿಯ ಹತ್ತಿರ. ಕೈಯಲ್ಲೊಂದು ಗೇಣುದ್ದದ ಕಬ್ಬಿಣದ ಸರಳು. ಅದರಿಂದ ಒಂದೊಂದು ಟೈರಿಗೂ ತಟ್ಟಿ, ತಲೆ ಓರೆ ಮಾಡಿ, ನಾದ ಕೇಳುವುದು. ಗಾಳಿ ಸರಿಯಿದ್ದರೆ ಒಂದು ಸ್ವರ, ಇಲ್ಲದಿದ್ದರೆ ಇನ್ನೊಂದು. ಕಳೆದ ಸಲ ಬಂದಾಗ ತಟ್ಟಿ, ಸವರಿ, ತೀರ್ಪು ಕೊಟ್ಟಿದ್ದರು: "ನಾಲ್ಕೂ ಬೋಳಾಗಿದೆ. ಇನ್ನೊಂದು ಸಲ ನಾನು ಬರೋ ಹೊತ್ತಿಗೆ ಹೊಸದಿರಬೇಕು. ಇದ್ದಿದ್ದೇ ಸೈಜು." (ಬೋಳು ಎಂಬ ಮಾತಿಗೆ ಟೇಪಣ್ಣನ ಕೈ ತಾನಾಗಿ ನೆತ್ತಿಗೆ ಹೋಗಿತ್ತು.)

ಟೈರಂಗಡಿಯವನ ಬಾಯಲ್ಲಿ 'ಇಲ್ಲ' ಎಂಬ ಮಾತು ಹುಟ್ಟಿಯೇ ಇರಲಿಲ್ಲ. ಇಂಥವನ ಹತ್ತಿರ ಸಲಹೆ ಕೇಳುವುದೂ ಕನ್ನಡಿಯ ಹತ್ತಿರ ಸಲಹೆ ಕೇಳುವುದೂ ಒಂದೇ.

"ಈಗಿರೋ ರಿಮ್ಮಿಗೇ ಇದಕ್ಕಿಂತ ದೊಡ್ಡ ಟೈರು ಕೂರುತ್ತಾ?" ಟೇಪಣ್ಣ ಕೇಳಿದ.

"ಕೂರುತ್ತೆ ಸಾರ್."

"ಒಂದು ಸೈಜು ದೊಡ್ಡದು?"

"ಆರಾಮಾಗಿ ಕೂರುತ್ತೆ."

"ಎರಡು ಸೈಜು?"

"ರಾಜನ ಥರ ಕೂರುತ್ತೆ."

"ಮಡ್‌ಗಾರ್ಡಿಗೆ ತಾಗಲ್ವಾ?"

"ತಾಗಿದ್ರೂ ಎಷ್ಟು ತಾಗೀತು ಸಾರ್? ಓಡ್ತಾ ಓಡ್ತಾ ಅದೇ ಜಾಗ ಮಾಡ್ಕೊಳ್ಳುತ್ತೆ."

ಅಳತೆಯ ವಿಷಯದಲ್ಲಿ ಟೇಪಣ್ಣ ಪರರ ಮಾತು ನಂಬುವವನಲ್ಲ. ಕತ್ತಿನಿಂದ ಟೇಪು ಇಳಿಸಿದ. ಟೈರಿನ ಸುತ್ತಳತೆ ತೆಗೆದ, ದಪ್ಪ ತೆಗೆದ, ಚಕ್ರಕ್ಕೂ ಮೇಲಿನ ಮಡ್‌ಗಾರ್ಡಿಗೂ ನಡುವಿನ ಜಾಗಕ್ಕೆ ಬೆರಳಿಟ್ಟು ನೋಡಿದ. ನಾಲ್ಕು ಬೆರಳು ಸಡಿಲ. ದೊಡ್ಡ ಟೈರು ಎರಡು ಬೆರಳು ತಿಂದರೂ ಉಸಿರಾಡಲು ಎರಡು ಬೆರಳು ಉಳಿಯುತ್ತದೆ. ಯಾವ ಗಿರಾಕಿಯೂ ಇದಕ್ಕಿಂತ ಸಡಿಲ ಕೇಳಿದ್ದಿಲ್ಲ. ಮೇಲಾಗಿ ಮಕ್ಕಳ ಬಟ್ಟೆಯನ್ನು ಯಾವಾಗಲೂ ಒಂದು ಸೈಜು ದೊಡ್ಡದಾಗಿಯೇ ಹೊಲಿಯಬೇಕು ಎಂಬುದು ಅವನ ಕಸುಬಿನ ಧರ್ಮ. ಪಿಕಪ್ಪು ಬೆಳೆಯುವ ವಯಸ್ಸಿನದಲ್ಲ ಎಂಬುದು ಆಗ ಅವನಿಗೆ ಹೊಳೆಯಲಿಲ್ಲ.

"ಎರಡು ಸೈಜು ದೊಡ್ಡದೇ ಹಾಕಿ," ಎಂದ.

ಹಾಕಿದರು. ಟೇಪಣ್ಣ ಹತ್ತಿ ಕೂತ. ಆಹಾ! ಇಡೀ ಲೋಕ ಎರಡು ಬೆರಳು ತಗ್ಗಿತ್ತು. ಪಾದಚಾರಿಗಳ ತಲೆ, ಸ್ಕೂಟರಿನವರ ತಲೆ, ಎಲ್ಲರ ತಲೆಯೂ ಕಾಣುತ್ತಿತ್ತು, ಮತ್ತು ಟೇಪಣ್ಣ ಎಣಿಸಿದ ಪ್ರಕಾರ ಊರಿನಲ್ಲಿ ನೆತ್ತಿಯ ವಿಷಯದಲ್ಲಿ ಅವನಿಗೆ ಜೊತೆಗಾರರು ಬೇಕಾದಷ್ಟಿದ್ದರು. ಉದ್ದನೆಯ ನೇರ ರಸ್ತೆಯಲ್ಲಿ ಚಕ್ರವರ್ತಿಯ ಹಾಗೆ ಬಂದ. ತನ್ನ ಬೀದಿಯ ಮೂಲೆಯಲ್ಲಿ ಸ್ಟೇರಿಂಗನ್ನು ಪೂರ್ತಿ ತಿರುಗಿಸಿದ್ದೇ ತಡ, ಕಾಲಡಿಯಿಂದ ಗರ್ರ್ರ್ ಎಂದು ಯಾರೋ ಗೊರಕೆ ಹೊಡೆದರು. ಟೇಪಣ್ಣ ಮೊದಲು ತನ್ನ ಹೊಟ್ಟೆಯನ್ನೇ ಅನುಮಾನಿಸಿದ. ಇನ್ನೊಮ್ಮೆ ತಿರುಗಿಸಿದ. ಗರ್ರ್ರ್. ಹೊಟ್ಟೆಯಲ್ಲ.

ಮನೆಯ ಮುಂದೆ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಗಾಡಿ ಯಾಕ್ರೀ ತುದಿಗಾಲಲ್ಲಿ ನಿಂತಿದೆ?"

"ಹೊಸ ಟೈರು ಕಣೇ. ಹೊಸದರಲ್ಲಿ ಹಂಗೇ ಇರುತ್ತೆ. ನಾಲ್ಕು ಸಲ ನೀರು ಬಿದ್ರೆ ಕುಗ್ಗುತ್ತೆ."

"ಕುಗ್ಗೋದಕ್ಕೆ ಅದೇನು ಕೋರಾ ಬಟ್ಟೇನಾ? ಅಪ್ಪ ಹೇಳಿದ್ದೇನು, ನೀವು ಮಾಡಿರೋದೇನು? ಈ ಭಾನುವಾರ ಬರ್ತಾರೆ ಅವರು. ಗಾಡಿ ತಗೊಂಡು ಹೋದ್ರೆ ಆಸ್ಪತ್ರೆ ಬಟ್ಟೆ ಏನು ತಲೆ ಮೇಲೆ ಹೊತ್ಕೊಂಡು ಹೋಗ್ತೀರಾ? ಹೊತ್ಕೊಳ್ಳಿ ಬಿಡಿ, ಜಾಗ ಖಾಲಿ ಇದೆಯಲ್ಲ."

ನೋಡಿ, ಮನೆಯವರ ನಾಲಿಗೆಗೆ ಹಾಸಿಗೆಯವನ ನಾಲಿಗೆ ಸಾಟಿಯೇ? ಟೇಪಣ್ಣ ಬಂದ ಕಾಲಲ್ಲೇ ಟೈರಂಗಡಿಗೆ ಹಿಂದಿರುಗಿದ.

"ಈ ಟೈರು ವಾಪಸ್ ತಗೋತೀರಾ?"

"ತಗೋತೀವಿ ಸಾರ್."

"ಹಳೇ ಸೈಜಿನ ಹೊಸದು ಹಾಕ್ಕೊಡ್ತೀರಾ?"

"ಧಾರಾಳವಾಗಿ. ಸ್ಟಾಕ್ ಬಂದ ತಕ್ಷಣ."

"ಯಾವಾಗ ಬರುತ್ತೆ?"

"ಬರುತ್ತೆ ಸಾರ್."

"ಭಾನುವಾರದೊಳಗೆ?"

"ಯಾವುದಾದ್ರೂ ಒಂದು ಭಾನುವಾರದೊಳಗೆ ಬಂದೇ ಬರುತ್ತೆ."

ಅಲ್ಲಿಗೆ ಆ ಬಾಗಿಲು ಮುಚ್ಚಿತು. ಟೇಪಣ್ಣನಿಗೆ ನಿಜವಾಗಿಯೂ ಭಯ ಹತ್ತಿತು. ಗಾಡಿ ಹೋದರೆ ಆಸ್ಪತ್ರೆಯ ಕೆಲಸ ಹೋಗುತ್ತದೆ, ಆಸ್ಪತ್ರೆಯ ಕೆಲಸ ಹೋದರೆ ಮತ್ತೆ ಹರಿದ ಪ್ಯಾಂಟಿಗೆ ತೇಪೆ ಹಾಕುತ್ತಾ ಕೂರಬೇಕು. ಇಷ್ಟೆಲ್ಲ ಯಾತಕ್ಕೆ? ತಟ್ಟೆಯಗಲದ ಒಂದು ಬಯಲಿಗೆ!

ಮರುದಿನ ಮಧ್ಯಾಹ್ನ ಹೆಂಡತಿ ಹೊಸ ನರ್ಸುಗಳ ಅಳತೆ ತರಲು ಆಸ್ಪತ್ರೆಗೆ ಹೋದಾಗ ಟೇಪಣ್ಣ ಗಾಡಿಯ ಚಕ್ರದ ಪಕ್ಕ ಅಂಗಾತ ಮಲಗಿ ಪರೀಕ್ಷೆ ಮಾಡಿದ. ಚಕ್ರ ನೆಟ್ಟಗಿದ್ದಾಗ ಎರಡು ಬೆರಳು ಸಡಿಲ, ಸರಿಯೇ. ಆದರೆ ಪೂರ್ತಿ ತಿರುಗಿಸಿದಾಗ ಟೈರಿನ ಭುಜ ಹೋಗಿ ಮಡ್‌ಗಾರ್ಡಿನ ಒಳಗಿನ ಕಪ್ಪು ಪ್ಲಾಸ್ಟಿಕ್ಕಿಗೆ ಉಜ್ಜುತ್ತಿತ್ತು. ರೋಗ ಅವನಿಗೆ ಥಟ್ಟನೆ ಗೊತ್ತಾಯಿತು. ಇದು ಬಗಲು ಬಿಗಿ! ಕೈ ಇಳಿಬಿಟ್ಟು ನಿಂತಾಗ ಅಂಗಿ ಚೆಂದ, ಕೈ ಎತ್ತಿದರೆ ಕಂಕುಳಲ್ಲಿ ಹಿಡಿಯುತ್ತದೆ. ಇದಕ್ಕೆ ಮದ್ದು ಹೊಲಿಗೆ ಕಲಿಯುವ ಮಕ್ಕಳಿಗೂ ಗೊತ್ತು. ಬಗಲಿನ ಸುತ್ತು ಒಂದಿಷ್ಟು ಕತ್ತರಿಸಿ ಅಗಲ ಮಾಡಬೇಕು.

ಕತ್ತರಿಸುವುದಕ್ಕೆ ಮನೆಯಲ್ಲಿದ್ದದ್ದು ಒಂದೇ, ಬಟ್ಟೆ ಕತ್ತರಿ. ಆ ಕತ್ತರಿಯ ಮಹಿಮೆ ಸಾಮಾನ್ಯವಲ್ಲ. ಬಟ್ಟೆಯನ್ನಲ್ಲದೆ ಅದು ಬೇರೇನನ್ನೂ ಮುಟ್ಟಬಾರದು, ಕಾಗದವನ್ನು ಕೂಡ, ಇದು ಆ ಮನೆಯ ಮೊದಲನೆಯ ಕಾನೂನು. ಹಿಂದೊಮ್ಮೆ ಹೆಂಡತಿ ಅವಸರದಲ್ಲಿ ಅದರಿಂದ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿದ್ದಕ್ಕೆ ಟೇಪಣ್ಣ ವಾರವಿಡೀ ಅವಳೊಡನೆ ಮಾತು ಬಿಟ್ಟಿದ್ದ. (ಆ ವಾರ ಎಷ್ಟು ಹಾಯಾಗಿತ್ತು ಎಂದು ಅವಳು ಈಗಲೂ ನೆನೆಸಿಕೊಳ್ಳುತ್ತಾಳೆ.) ಈಗ ಅದೇ ಕತ್ತರಿಯನ್ನು ಹಿಡಿದು ಟೇಪಣ್ಣ ಕಣ್ಣು ಮುಚ್ಚಿಕೊಂಡು ಪ್ಲಾಸ್ಟಿಕ್ಕಿಗೆ ಹಾಕಿದ. ಕತ್ತರಿ ಅತ್ತಿತು. ಆದರೂ ಎರಡೂ ಬದಿಯಲ್ಲಿ ಅರ್ಧಚಂದ್ರಾಕಾರವಾಗಿ ಚೆಂದಕ್ಕೆ ಕತ್ತರಿಸಿದ.

ಅಲ್ಲಿಗೇ ಬಿಟ್ಟಿದ್ದರೆ ಯಾರಾದರೂ ತಾನಾಗಿ ಸವೆದಿದೆ ಎಂದುಕೊಳ್ಳುತ್ತಿದ್ದರು. ಆದರೆ ಟೇಪಣ್ಣನ ಕೈಯಿಂದ ಒಂದು ಕರ್ಚೀಫು ಸಹ ಅಂಚು ಹೊಲಿಯದೆ ಹೊರಗೆ ಹೋದದ್ದಿಲ್ಲ. ಆ ಬಿಚ್ಚಿದ ಅಂಚು ನೋಡಿ ನೋಡಿ ಅವನಿಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಕಪ್ಪು ರೆಕ್ಸಿನ್ನಿನ ಪಟ್ಟಿ, ಮೇಣ ಸವರಿದ ದಾರ, ದಬ್ಬಣ ತಂದು, ಮಣ್ಣಿನಲ್ಲಿ ಮಲಗಿಕೊಂಡೇ ಎರಡೂ ಮಡ್‌ಗಾರ್ಡಿಗೆ ಸುತ್ತ ಅಂಚು ಮುಚ್ಚುವ ಪೈಪಿಂಗ್ ಕೊಟ್ಟ. ಎಂಥ ಪೈಪಿಂಗ್ ಅಂತೀರಿ! ಮದುಮಗಳ ಕುಪ್ಪಸಕ್ಕೂ ಅಂಥದ್ದು ಸಿಕ್ಕಿರಲಿಕ್ಕಿಲ್ಲ. ಎದ್ದು, ದೂರ ನಿಂತು, ತಲೆ ಓರೆ ಮಾಡಿ ನೋಡಿ, ತನಗೆ ತಾನೇ ಭೇಷ್ ಎಂದುಕೊಂಡ. ಗಾಡಿ ಹತ್ತಿ ಬೀದಿಯ ಮೂಲೆಯಲ್ಲಿ ಪೂರ್ತಿ ತಿರುಗಿಸಿದ. ಗೊರಕೆಯಿಲ್ಲ. ಹಿಂದಿನ ದಿನದಿಂದ ಮೊದಲ ಸಲ ಹೊಟ್ಟೆ ತುಂಬ ಉಸಿರೆಳೆದುಕೊಂಡ.

ಕಳ್ಳನಿಗೆ ಒಂದು ದಾರಿಯಾದರೆ ಹಿಡಿಯುವವನಿಗೆ ನೂರು ದಾರಿ. ಶನಿವಾರ ಹೆಂಡತಿ ಹಾಸಿಗೆ ಹೊದಿಕೆಯ ಬಟ್ಟೆಗೆ ಕತ್ತರಿ ಹಾಕಿದರೆ ಅದು ಹಲ್ಲಿಲ್ಲದ ಮುದುಕನ ಹಾಗೆ ಬಟ್ಟೆಯನ್ನು ಚೀಪಿತೇ ಹೊರತು ಕತ್ತರಿಸಲಿಲ್ಲ. ಅವಳು ಅಲಗನ್ನು ಮೂಗಿನ ಹತ್ತಿರ ತಂದು ಮೂಸಿದಳು.

"ರೀ, ಕತ್ತರಿಗೆ ಗಾಡಿ ವಾಸನೆ ಬರ್ತಿದೆ."

ಟೇಪಣ್ಣ ಮಷೀನಿನ ಸದ್ದು ಜೋರು ಮಾಡಿದ. ಅವಳು ಬಂದು ಮಷೀನಿನ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿದಳು. ಆಮೇಲೆ ಹೇಳದೆ ಉಳಿಯುವ ಗಂಡಸು ಇನ್ನೂ ಹುಟ್ಟಿಲ್ಲ. ಎಲ್ಲ ಹೇಳಿದ. ಅವಳು ಹೊರಗೆ ಹೋಗಿ, ಬಗ್ಗಿ ಪೈಪಿಂಗ್ ನೋಡಿ, ನಗಬೇಕೋ ಅಳಬೇಕೋ ತಿಳಿಯದೆ ಮೆಟ್ಟಿಲ ಮೇಲೆ ಕೂತಳು.

"ಗಿರಾಕಿ ಬಂದ್ರೆ ಕೈ ಎತ್ತಿ, ಬಗ್ಗಿ, ಕೂತ್ಕೊಳ್ಳಿ ಅಂತ ಕಸರತ್ತು ಮಾಡಿಸ್ತೀರಲ್ಲ, ಗಾಡಿಗೆ ಒಂದು ಸಲ ತಿರುಗಪ್ಪ ಅನ್ನೋಕೆ ಏನಾಗಿತ್ತು?"

"ಆಯ್ತು ಕಣೇ, ಬುದ್ಧಿ ಬಂತು. ನಿಮ್ಮಪ್ಪನಿಗೆ ಹೇಳ್ಬೇಡ."

"ಅವರು ಕೇಳಿದ್ರೆ ನಾನು ಸುಳ್ಳು ಹೇಳಲ್ಲ. ಕೇಳ್ದೆ ಇದ್ರೆ ನಾನಾಗಿ ಹೇಳಲ್ಲ. ಮತ್ತೆ ಇವತ್ತಿಂದ ಹಾಲಿನ ಪ್ಯಾಕೆಟ್ಟು ಆ ಕತ್ತರೀಲೇ ಕತ್ತರಿಸೋದು."

ಸಂಧಿಗೆ ಟೇಪಣ್ಣ ಒಪ್ಪಿದ. ಗೊರಕೆ ಹೋಯಿತು, ಆದರೆ ಎತ್ತರ ಉಳಿದಿತ್ತಲ್ಲ! ಹಿಂದೆ ಗಾಡಿಯ ಪಕ್ಕದ ಹಲಗೆ ಅವನ ಬೆಲ್ಟಿನ ಬಕಲ್ಲಿಗೆ ಸರಿಸಮ ಇರುತ್ತಿತ್ತು, ಈಗ ಅಂಗಿಯ ಗುಂಡಿಗೆ ಬಂದಿತ್ತು. ಭಾನುವಾರ ಬೆಳಗಾಗುತ್ತಲೇ ಟೇಪಣ್ಣ ಅಂಗಡಿಯಲ್ಲಿದ್ದ ಬಟ್ಟೆಯ ಗಂಟನ್ನೆಲ್ಲ ಹೊತ್ತು ತಂದು ಹಿಂದೆ ಪೇರಿಸಿದ. ಹಿಂಭಾಗ ಕುಗ್ಗಿತು, ಮೂತಿ ಮೇಲೆದ್ದಿತು. ಮೂತಿ ಇಳಿಸಲು ಇದ್ದಬದ್ದ ಇಸ್ತ್ರಿ ಪೆಟ್ಟಿಗೆಗಳನ್ನೆಲ್ಲ ಮುಂದಿನ ಸೀಟಿನಡಿ ಜೋಡಿಸಿದ. ಮತ್ತೆ ಹಲಗೆಯ ಪಕ್ಕ ನಿಂತು ಬಕಲ್ಲಿಗೆ ಹಿಡಿದು ನೋಡಿದ. ಸರಿಸಮ! ಟೈರಿನ ಮೇಲೆ ಅಚ್ಚಾಗಿದ್ದ ಸೈಜಿನ ಅಂಕಿಗಳಿಗೆ ಕೆಸರು ಮೆತ್ತಿದ. ಮಹಾಯುದ್ಧಕ್ಕೂ ಇಷ್ಟು ಸಿದ್ಧತೆ ನಡೆದಿರಲಾರದು.

ಮಾವನವರು ಬಂದರು. ಬಾಗಿಲಲ್ಲೇ ಟೀ ಕುಡಿದರು. ಸರಳು ಹಿಡಿದು ಹೊರಟರು. ಹಿಂದೆ ಟೇಪಣ್ಣ, ಅವನ ಹಿಂದೆ ಹೆಂಡತಿ.

ಠಣ್. ಠಣ್. ಠಣ್. ಠಣ್.

"ಗಾಳಿ ಸರಿಯಾಗಿದೆ," ಎಂದರು. ಟೇಪಣ್ಣ ಬೆವರು ಒರೆಸಿಕೊಂಡ. "ಮಳೆನೇ ಇಲ್ಲ, ಕೆಸರೆಲ್ಲಿಂದ ಬಂತು?"

"ಗಿಡಕ್ಕೆ ನೀರು ಹಾಕುವಾಗ, ಮಾವ."

"ಹೂಂ. ರಜಾ ದಿನ ಗಾಡಿ ಮೇಲೆ ಇಷ್ಟು ಹೊರೆ ಯಾಕೆ? ಸ್ಪ್ರಿಂಗು ಸೋತು ಹೋಗುತ್ತೆ. ಇಳಿಸಿ, ಇಳಿಸಿ."

ಟೇಪಣ್ಣ ಹೆಂಡತಿಯ ಮುಖ ನೋಡಿದ. ಅವಳು ಆಕಾಶ ನೋಡಿದಳು. ಬೇರೆ ದಾರಿಯಿರಲಿಲ್ಲ. ಒಂದು ಗಂಟು ಇಳಿಸಿದ. ಪಿಕಪ್ಪು ಕಿರ್ ಎಂದು ಕೂದಲೆಳೆಯಷ್ಟು ಏರಿತು. ಇನ್ನೊಂದು ಗಂಟು. ಮತ್ತಷ್ಟು ಏರಿತು. ಹುಳಿ ಬಂದ ಹಿಟ್ಟಿನ ಹಾಗೆ ಅದು ಮಾವನವರ ಕಣ್ಣೆದುರೇ ಉಬ್ಬುತ್ತಾ ಹೋಯಿತು. ಗಾಡಿ ಏರಿದ ಹಾಗೆಲ್ಲ ಟೇಪಣ್ಣನ ಜೀವ ಇಳಿಯುತ್ತಿತ್ತು. ಕೊನೆಯ ಇಸ್ತ್ರಿ ಪೆಟ್ಟಿಗೆ ಹೊರಬರುವ ಹೊತ್ತಿಗೆ ಮಾವನವರ ಗದ್ದವೂ ಗಾಡಿಯ ಜೊತೆಗೇ ಎರಡು ಬೆರಳು ಮೇಲೆ ಹೋಗಿತ್ತು.

"ಕೀ ಕೊಡಿ, ಅಳಿಯಂದ್ರೆ. ಒಂದು ಸುತ್ತು ಹಾಕ್ಕೊಂಡು ಬರೋಣ. ನೀವೂ ಹತ್ತಿ."

ಪಕ್ಕದಲ್ಲಿ ಕೂತ ಟೇಪಣ್ಣನಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ, ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತ. ಮಾವನವರು ಮೀಟರಿನ ಮೇಲೆ ಕಣ್ಣಿಟ್ಟು ಓಡಿಸಿದರು. ದೊಡ್ಡ ರಸ್ತೆಗೆ ಬಂದ ಮೇಲೆ ಬಾಯಿ ತೆರೆದರು.

"ಮೀಟರು ನಲವತ್ತು ಅಂತಿದೆ. ನನ್ನ ಕಾಲು ನಲವತ್ಮೂರು ಅಂತಿದೆ."

"ಮೀಟರು ಹಳೇದು, ಮಾವ."

"ಕಾಲು ಅದಕ್ಕಿಂತ ಹಳೇದು." (ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಓಡುತ್ತದೆ, ಮೀಟರಿಗೆ ಅದು ಗೊತ್ತಾಗುವುದಿಲ್ಲ.)

ನಾಲ್ಕು ರಸ್ತೆ ಕೂಡುವಲ್ಲಿ ದೀಪ ಕೆಂಪಾಯಿತು. ಪಕ್ಕದಲ್ಲಿ, ಬೇಕೆಂದೇ ಬಂದವನ ಹಾಗೆ, ಹಾಸಿಗೆಯವನ ಪಿಕಪ್ಪು. ಅವನು ಅಭ್ಯಾಸಬಲದಿಂದ ಕೆಳಗೆ ನೋಡಿದ, ಅಲ್ಲಿ ಯಾರೂ ಇರಲಿಲ್ಲ. ನೇರಕ್ಕೆ ನೋಡಿದ, ಮಾವನವರ ಮೀಸೆ ಇತ್ತು. ಮೆಲ್ಲಗೆ ಗಾಜು ಏರಿಸಿಕೊಂಡ. ಟೇಪಣ್ಣ ಇಷ್ಟು ದಿನ ಕಾದಿದ್ದ ಘಳಿಗೆ ಅದು, ಆದರೆ ಅದನ್ನು ಸವಿಯಲು ಅವನ ಬಾಯಲ್ಲಿ ಎಂಜಲೇ ಇರಲಿಲ್ಲ.

ಬಸ್ಸುಗಳು ತಿರುಗುವ ಬಯಲಿಗೆ ಬಂದದ್ದೇ ಮಾವನವರು ಸ್ಟೇರಿಂಗನ್ನು ಪೂರ್ತಿ ಎಳೆದು, ಬಸ್ಸು ತಿರುಗಿಸುವ ಹಾಗೆ ಗಾಡಿಯನ್ನು ಒಂದು ಸುತ್ತು ತಿರುಗಿಸಿದರು. ಸದ್ದಿಲ್ಲ. ಎಡಕ್ಕೊಂದು ಸುತ್ತು ತಿರುಗಿಸಿದರು. ಸದ್ದಿಲ್ಲ. ಗಾಡಿ ನಿಲ್ಲಿಸಿ ಇಳಿದರು. ಚಕ್ರದ ಪಕ್ಕ ಮಂಡಿಯೂರಿ ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ.

"ಅಳಿಯಂದ್ರೇ, ಇಳೀರಿ."

ಟೇಪಣ್ಣ ಇಳಿದ.

"ಇದೇನಿದು?"

"ಪೈಪಿಂಗ್, ಮಾವ."

"ಗಾಡಿಗೆ?"

"ಅಂಚು ಬಿಚ್ಕೊಳ್ಳಬಾರದು ಅಂತ..."

ಅಷ್ಟೇ ಹೇಳಲು ಹೋದವನು ಅಲ್ಲಿ ನಿಲ್ಲಲಿಲ್ಲ. ಹಾಸಿಗೆಯವನಿಂದ ಹಿಡಿದು ಕತ್ತರಿಯವರೆಗೆ ಎಲ್ಲವನ್ನೂ ಒದರಿದ. ಸಾಕ್ಷಿಗೆ ತಲೆ ಬಗ್ಗಿಸಿ ನೆತ್ತಿಯನ್ನೂ ತೋರಿಸಿದ. "ಷರತ್ತು ಷರತ್ತೇ, ಮಾವ. ಗಾಡಿ ತಗೊಂಡು ಹೋಗಿ. ಗಂಟು ಹೇಗೋ ಹೊತ್ಕೊಂಡು ಹೋಗ್ತೀನಿ," ಎಂದ.

ಮಾವನವರು ಪೈಪಿಂಗಿನ ಮೇಲೆ ಬೆರಳಾಡಿಸಿದರು. ಆಮೇಲೆ ಎದ್ದು, ಪ್ಯಾಂಟಿನ ಧೂಳು ಕೊಡವಿ, ಆಚೆ ಸಾಲಾಗಿ ನಿಂತಿದ್ದ ಬಸ್ಸುಗಳ ಕಡೆ ನೋಡಿದರು.

"ಈ ಗಾಡೀನ ನಾನು ಮಗಳಿಗೆ ಯಾಕೆ ಕೊಟ್ಟೆ ಅಂದ್ಕೊಂಡಿದ್ದೀರಿ? ಪ್ರೀತಿಗೆ ಅಂತಲಾ? ಪ್ರೀತಿ ಇತ್ತು, ಇಲ್ಲ ಅಂತಲ್ಲ. ಆದ್ರೆ ಬಸ್ಸಿನ ಸೀಟಿಂದ ಇಳಿದು ಇದರಲ್ಲಿ ಕೂತ್ರೆ ನನಗೆ ರಸ್ತೇನೇ ಕಾಣ್ತಿರಲಿಲ್ಲ, ಅಳಿಯಂದ್ರೆ. ಮುಂದಿನವನ ಬೆನ್ನು ಕಾಣೋದು. ಬಾವಿಯೊಳಗೆ ಕೂತು ಓಡಿಸಿದ ಹಾಗೆ. ಯಾರಿಗೆ ಹೇಳೋದು? ನಾಚಿಕೆ." ಮೂಗು ಒರೆಸಿಕೊಂಡರು. "ಇವತ್ತು ರಸ್ತೆ ಕಾಣಿಸ್ತು."

"ಹಾಗಾದ್ರೆ ಷರತ್ತು?"

"ಒಂದು ನಟ್ಟು ಬದಲಾಗಬಾರದು ಅಂದಿದ್ದೆ. ಬದಲಾಯ್ತಾ? ಅದೇ ನಟ್ಟು, ಅದೇ ರಿಮ್ಮು. ಬಟ್ಟೆ ಬದಲಾಯಿಸಿದ್ರೆ ಮನುಷ್ಯ ಬೇರೆ ಆಗ್ತಾನಾ?"

ಟೇಪಣ್ಣನಿಗೆ ಮಾವನವರನ್ನು ಅಪ್ಪಿಕೊಳ್ಳಬೇಕೆನಿಸಿತು. ಧೈರ್ಯ ಸಾಲದೆ ಟೈರನ್ನು ತಟ್ಟಿದ. ಎದೆಯ ಮೇಲಿನ ಚಪ್ಪಡಿ ಕಲ್ಲು ಸರಿದ ಹಾಗಾಗಿತ್ತು. ಮನೆಗೆ ಬರುವ ದಾರಿಯುದ್ದಕ್ಕೂ ಅವನೇ ಮಾತಾಡಿದ, ಮಾವನವರು ನಲವತ್ಮೂರರಲ್ಲಿ ಓಡಿಸುತ್ತಾ ರಸ್ತೆ ನೋಡಿದರು. ಬಾಗಿಲಲ್ಲಿ ಉಗುರು ಕಚ್ಚುತ್ತಾ ನಿಂತಿದ್ದ ಹೆಂಡತಿಗೆ ಸುದ್ದಿ ಕೇಳಿ ಕಣ್ಣಲ್ಲಿ ನೀರು ಬಂತು. ಆ ಸಂತೋಷದಲ್ಲಿ ಬಟ್ಟೆ ಕತ್ತರಿಯಿಂದಲೇ ಹಾಲಿನ ಪ್ಯಾಕೆಟ್ಟು ಕತ್ತರಿಸಿ ಎಲ್ಲರಿಗೂ ಇನ್ನೊಂದು ಸುತ್ತು ಟೀ ಮಾಡಿದಳು.

ಟೀ ಮುಗಿಸಿ ಲೋಟ ಕೆಳಗಿಟ್ಟು ಮಾವನವರು ಹೇಳಿದರು, "ನಾಳೆ ನನ್ನ ಪೆಟ್ಟಿಗೆ ತಗೊಂಡು ಬಂದ್ಬಿಡ್ತೀನಮ್ಮ. ಇನ್ಮೇಲೆ ಆಸ್ಪತ್ರೆ ಟ್ರಿಪ್ಪು ನಂದೇ."

ಟೇಪಣ್ಣನ ಟೀ ನೆತ್ತಿಗೇರಿತು. (ಅಲ್ಲಿ ಅದಕ್ಕೆ ಅಡ್ಡಿಯಾಗಲು ಏನೂ ಇರಲಿಲ್ಲ.)

ಹೇಳಿದ ಹಾಗೆ ಮಾವನವರು ಪೆಟ್ಟಿಗೆ, ಸರಳು, ಹಳೆಯ ಖಾಕಿ ಅಂಗಿ ಸಮೇತ ಬಂದಿಳಿದರು. ಅಂದಿನಿಂದ ಆಸ್ಪತ್ರೆಯ ಟ್ರಿಪ್ಪಿಗೆ ಹೊಸ ವ್ಯವಸ್ಥೆ. ಸ್ಟೇರಿಂಗಿನ ಹಿಂದೆ ಮಾವನವರು. ಪಕ್ಕದ ಸೀಟು, ಬಟ್ಟೆ ಎಣಿಸಿ ಒಪ್ಪಿಸುವ ಮಗಳಿಗೆ. ಅವಳಿಗೆ ಹತ್ತಲು ಒಂದು ಮಣೆ, ಆ ಮಣೆ ಇಡುವ ಕೆಲಸ ಟೇಪಣ್ಣನದು. ಇನ್ನು ಟೇಪಣ್ಣ ಎಲ್ಲಿ ಕೂರಬೇಕು? ಅದರಲ್ಲೂ ಮಾವನವರಿಗೆ ಗೊಂದಲವಿರಲಿಲ್ಲ.

"ಕಂಡಕ್ಟರು ಯಾವತ್ತೂ ಹಿಂದೆ ಇರಬೇಕು," ಎಂದು ತಮ್ಮ ಪೆಟ್ಟಿಗೆಯಿಂದ ಒಂದು ಹಿತ್ತಾಳೆಯ ಸೀಟಿ ತೆಗೆದು ಅಳಿಯನ ಕತ್ತಿಗೆ, ಟೇಪಿನ ಪಕ್ಕದಲ್ಲೇ, ಹಾಕಿದರು. "ಒಂದು ಸೀಟಿಗೆ ನಿಲ್ಲಿಸ್ತೀನಿ. ಎರಡು ಸೀಟಿಗೆ ಹೊರಡ್ತೀನಿ. ಸೀಟಿಯಿಲ್ಲದೆ ಗಾಡಿ ಅಲ್ಲಾಡಲ್ಲ."

ಮೊದಲನೆಯ ದಿನ ಗಂಟುಗಳ ಮೇಲೆ ಕೂತು ಹೊರಟಾಗ ಟೇಪಣ್ಣನಿಗೆ ಅಂಥ ಬೇಸರವೇನೂ ಆಗಲಿಲ್ಲ. ಗಾಡಿ ಉಳಿಯಿತು, ಆಸ್ಪತ್ರೆಯ ಕೆಲಸ ಉಳಿಯಿತು, ಮಾನವೂ ಹೆಚ್ಚುಕಡಿಮೆ ಉಳಿಯಿತು. ಮೆತ್ತಗಿನ ಬಟ್ಟೆ, ಬೆಳಗಿನ ಎಳೆ ಬಿಸಿಲು, ಗಾಳಿ. ಗಂಟುಗಳ ಮೇಲೆ ಅವನು ಹಾಸಿಗೆಯವನಿಗಿಂತಲೂ ಎತ್ತರದಲ್ಲಿದ್ದ. ಇನ್ನು ತನ್ನ ನೆತ್ತಿಯನ್ನು ನೋಡಬಲ್ಲವರು ಹಕ್ಕಿಗಳು ಮಾತ್ರ ಎಂದುಕೊಂಡು ಗಂಟಿಗೆ ಒರಗಿ, ತಲೆ ಬಾಗಿಸಿ ಒಂದು ಸಣ್ಣ ಜೊಂಪಿಗೆ ಅಣಿಯಾದ.

ನಾಲ್ಕು ರಸ್ತೆ ಕೂಡುವಲ್ಲಿ ಗಾಡಿ ನಿಂತಿತು. ದೀಪ ಹಸಿರಾಯಿತು. ಗಾಡಿ ಹೊರಡಲಿಲ್ಲ. ಹಿಂದಿನವರು ಹಾರನ್ನು ಬಡಿಯತೊಡಗಿದರು. ಪಕ್ಕದಲ್ಲಿದ್ದ ಹಾಸಿಗೆಯವನು ಏನಾಯಿತೆಂದು ಗಾಜು ಇಳಿಸಿ ಕತ್ತು ಚಾಚಿದ. ಅಷ್ಟರಲ್ಲಿ ಪಿಕಪ್ಪಿನ ಹಿಂದಿನ ಸಣ್ಣ ಕಿಟಕಿ ಸರಿದು, ಇಡೀ ರಸ್ತೆಗೆ ಕೇಳುವ ಹಾಗೆ ಹೆಂಡತಿಯ ದನಿ ಬಂತು.

"ರೀ, ಸೀಟಿ ಊದೋಕೆ ಮುಂಚೆ ತಲೆ ಮೇಲೆ ಏನಾದ್ರೂ ಹಾಕ್ಕೋಬೇಕಂತೆ. ಬಿಸಿಲು ನಿಮ್ಮ ನೆತ್ತಿಗೆ ಬಿದ್ದು ಕನ್ನಡೀಲಿ ಹೊಡೀತಿದೆಯಂತೆ. ಅಪ್ಪಂಗೆ ರಸ್ತೆ ಕಾಣಿಸ್ತಿಲ್ಲ!"

ಟೇಪಣ್ಣ ಯಾರ ಕಡೆಗೂ ನೋಡದೆ ಗಂಟಿನೊಳಗೆ ಕೈ ಹಾಕಿ, ತಾನೇ ಹೊಲಿದ ಆಪರೇಷನ್ ಕೋಣೆಯ ಹಸಿರು ಟೋಪಿಯೊಂದನ್ನು ಎಳೆದು ಕಿವಿಯವರೆಗೂ ಹಾಕಿಕೊಂಡು, ಎರಡು ಸೀಟಿ ಊದಿದ.